ಬೆತ್ತದ ಕುರ್ಚಿಯ ಸಿಗ್ನಲ್ಲು

ವೈರ್ ಇರುವ ವಸ್ತು ಕೆಟ್ಟರೆ ವೈರನ್ನು ಬೈಯಬಹುದು. ವೈರೇ ಇಲ್ಲದ ವಸ್ತು ಕೆಟ್ಟರೆ ಯಾರನ್ನು ಬೈಯುವುದು? ಈ ಪ್ರಶ್ನೆಗೆ ಬೇರೆ ಉತ್ತರ ಹೊಳೆಯದೆ ಡ್ರೈವಿಂಗ್ ಮೇಷ್ಟ್ರು ಹೆಂಡತಿಯನ್ನು ಬೈದರು.

"ನಿನ್ನ ಹೊಲಿಗೆ ಮೆಷಿನ್ ಸ್ವಲ್ಪ ನಿಲ್ಲಿಸ್ತೀಯಾ? ಅದರ ಮೋಟರಿಂದಾನೇ ನನ್ನ ಸಿಗ್ನಲ್ ಹಾಳಾಗ್ತಿರೋದು!"

"ಮೆಷಿನ್ ನಿಂತು ಆಗಲೇ ಎಷ್ಟು ಹೊತ್ತಾಯ್ತು. ನಾನು ಬಟ್ಟೆ ಮಡಚ್ತಾ ಇದೀನಿ," ಎಂದಳು ಹೆಂಡತಿ. "ಮಡಚೋದ್ರಿಂದಾನೂ ಹಾಳಾಗುತ್ತಾ?"

ಮೇಷ್ಟ್ರು ಒಂದು ಕ್ಷಣ ಯೋಚಿಸಿದರು. ಆ ಸಾಧ್ಯತೆಯನ್ನೂ ಅವರು ತಳ್ಳಿಹಾಕಲಿಲ್ಲ. (ಸಂಶೋಧಕನಾದವನು ಯಾವುದನ್ನೂ ತಳ್ಳಿಹಾಕಬಾರದು. ಹೆಂಡತಿಯ ಮಾತೊಂದನ್ನು ಬಿಟ್ಟು.)

ಅವರ ಮುಂದೆ ಮೇಜಿನ ಮೇಲೆ ಕೂತಿದ್ದದ್ದು ಒಂದು ಕಂಪ್ಯೂಟರು. ಹೊಸದಲ್ಲ. ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಹಳದಿಗೆ ತಿರುಗಿದ ಡಬ್ಬ, ಬೆನ್ನು ಉಬ್ಬಿದ ಸ್ಕ್ರೀನು, ಒತ್ತಿದರೆ ಕಟಕಟ ಹಲ್ಲು ಕಡಿಯುವ ಕೀಲಿಗಳು. ಜನ ಹಳೆಯದನ್ನು ಕೊಟ್ಟು ಹೊಸದನ್ನು ತರುತ್ತಾರೆ; ಮೇಷ್ಟ್ರು ಹೊಸದನ್ನು ಕೊಟ್ಟು ಇದನ್ನು ತಂದಿದ್ದರು. ಕಾರಣ, ಅವರು ಹುಡುಗರಾಗಿದ್ದಾಗ ಬೀದಿ ಕೊನೆಯ ವಿಡಿಯೋ ಗೇಮ್ ಅಂಗಡಿಯಲ್ಲಿ ಆಡುತ್ತಿದ್ದ ಕಾರ್ ರೇಸ್ ಈ ಡಬ್ಬದಲ್ಲಿ ಮಾತ್ರ ಓಡುತ್ತಿತ್ತು. ಅದೇ ಕೆಂಪು ಕಾರು, ಅದೇ ಚೌಕಾಕಾರದ ಮರಗಳು, ಅದೇ ಸುರಂಗ. ಸುರಂಗ ದಾಟಿದ ತಕ್ಷಣ ಬರುವ ಅದೇ ಹಾಳು ತಿರುವು.

ಆ ತಿರುವಿನಲ್ಲೇ ಮೇಷ್ಟ್ರ ಮಾನ ಹೋದದ್ದು. ಅಕ್ಕನಿಗೆ ಹೊಸದಾಗಿ ಮದುವೆಯಾದಾಗ, ಭಾವನ ಮುಂದೆ ತಮ್ಮ ಕೈಚಳಕ ತೋರಿಸಲು ಅವರನ್ನು ಆ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಭಾವ ಕನ್ನಡಕದ ಅಂಗಡಿಯವರು, ಯಂತ್ರದ ಆಟವನ್ನು ಜನ್ಮದಲ್ಲಿ ಮುಟ್ಟಿದವರಲ್ಲ. ಆದರೂ ಗೆದ್ದರು. ಮೇಷ್ಟ್ರು ತಿರುವಿನ ಗೋಡೆಗೆ ಗುದ್ದಿಕೊಂಡರು. ಮುಂದೆ ಮೇಷ್ಟ್ರು ಡ್ರೈವಿಂಗ್ ಶಾಲೆ ತೆರೆದದ್ದೇ ತಡ, ಭಾವನ ಬಾಯಿಗೆ ಹಬ್ಬವಾಯಿತು. ಯಾವ ಮನೆಯ ಯಾವ ಸಮಾರಂಭವೇ ಇರಲಿ, ಊಟದ ಸಾಲಿನಲ್ಲಿ ಕೂತು, "ನಮ್ಮ ಭಾಮೈದ ಊರವರಿಗೆಲ್ಲ ಕಾರ್ ಕಲಿಸ್ತಾನೆ. ಅವನಿಗೆ ಮಾತ್ರ ಗೋಡೆ ಕಾಣಲ್ಲ. ಬಾರಯ್ಯಾ ಅಂಗಡಿಗೆ, ಕಣ್ಣು ನೋಡ್ತೀನಿ," ಎನ್ನುತ್ತಿದ್ದರು. ಸಾಲಿಗೆ ಸಾಲೇ ನಗುತ್ತಿತ್ತು. ಮೇಷ್ಟ್ರೂ ನಗುತ್ತಿದ್ದರು, ಆದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈ ಅವಮಾನವನ್ನು ತೊಳೆದುಕೊಳ್ಳಲೆಂದೇ ಕಂಪ್ಯೂಟರು ಬಂದಿತ್ತು. ಬಂದದ್ದು ಎಲ್ಲಿಗೆ? ಹಾಲಿನ ಕಿಟಕಿಯ ಪಕ್ಕದ ಮೂಲೆಗೆ, ಮನೆಯಲ್ಲಿ ಅತಿ ಹೆಚ್ಚು ಬೆಳಕು ಬೀಳುವ ಜಾಗಕ್ಕೆ. ಮೇಷ್ಟ್ರ ಹೆಂಡತಿ ಮನೆಯಲ್ಲೇ ಕರ್ಟನ್ ಹೊಲಿಯುವ ಕಸುಬಿನವಳು. ಆ ಮೂಲೆಯ ಮೇಲೆ ಆಕೆಗೆ ಮೊದಲಿಂದಲೂ ಕಣ್ಣು.

"ಒಂದು ಮಾತು ಹೇಳ್ಬಿಡ್ತೀನಿ ಕೇಳಿ," ಎಂದಿದ್ದಳು ಆಕೆ. "ಬರೋ ಭಾನುವಾರ ನಿಮ್ಮ ಅಕ್ಕ, ಭಾವ ಬರ್ತಿದಾರೆ. ಭಾವನ್ನ ಆಟದಲ್ಲಿ ಸೋಲಿಸಿ, ಆ ಮೂಲೆ ಜನ್ಮಪೂರ್ತಿ ನಿಮ್ದೇ. ಸೋತ್ರೆ ಸೋಮವಾರ ಬೆಳಿಗ್ಗೆ ನನ್ನ ಮೆಷಿನ್ ಕಿಟಕಿ ಪಕ್ಕ, ನಿಮ್ಮ ಡಬ್ಬ ಅಟ್ಟದ ಮೇಲೆ."

"ಒಪ್ಪಿದೆ!" ಎಂದಿದ್ದರು ಮೇಷ್ಟ್ರು, ಎದೆ ತಟ್ಟಿಕೊಂಡು.

ಕಂಪ್ಯೂಟರಿನ ಜೊತೆ ಬಂದಿದ್ದ ಹಳೆಯ ಕಂಟ್ರೋಲರಿಗೆ ವೈರಿತ್ತು. ಅದು ಭಾವನಿಗೆ ಸಾಕು ಎಂದು ತೀರ್ಮಾನಿಸಿ ಮೇಷ್ಟ್ರು ತಮಗಾಗಿ ವೈರ್‌ಲೆಸ್ ಕಂಟ್ರೋಲರು ತಂದರು. ಅಂಗಡಿಯವನು ಜೋಡಿಯಾಗಿ ಮಾತ್ರ ಕೊಡುತ್ತೇನೆ ಎಂದ. ಇರಲಿ, ಕಾರಿಗೊಂದು ಸ್ಟೆಪ್ನಿ ಇರುವಂತೆ ಇದಕ್ಕೂ ಒಂದಿರಲಿ ಎಂದು ಎರಡನೆಯದನ್ನು ಡಬ್ಬಿ ಸಮೇತ ಬೀರುವಿನ ಮೇಲೆ ಎಸೆದರು. ಉಗುರಿನಷ್ಟು ದೊಡ್ಡ ರಿಸೀವರನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದರು. ಕಂಟ್ರೋಲರಿಗೆ ಸೆಲ್ ಹಾಕಿ ಗುಂಡಿ ಒತ್ತಿದರು. ನೀಲಿ ದೀಪ ಮಿನುಗಿತು. ಮಿನುಗಿತು. ಮಿನುಗುತ್ತಲೇ ಇತ್ತು. ಕಾರು ಮಾತ್ರ ಗೆರೆಯ ಮೇಲೆ ನಿಂತದ್ದು ನಿಂತೇ ಇತ್ತು.

ಮೇಷ್ಟ್ರಿಗೆ ರಿಪೇರಿ ಎಂದರೆ ಕಾರಿನ ರಿಪೇರಿ. ಮೊದಲು ಸೆಲ್ ತೆಗೆದು ಟರ್ಮಿನಲ್ ಉಜ್ಜಿದರು. ಇಂಜಿನ್ ತಣ್ಣಗಿರಬಹುದೆಂದು ಕಂಟ್ರೋಲರನ್ನು ಬಿಸಿಲಿಗಿಟ್ಟರು. ಒಮ್ಮೆ ಅದನ್ನು ಎರಡು ಕೈಯಲ್ಲಿ ಹಿಡಿದು, ತಳ್ಳಿ ಸ್ಟಾರ್ಟ್ ಮಾಡುವವರಂತೆ ಹಾಲಿನ ಈ ತುದಿಯಿಂದ ಆ ತುದಿಗೆ ಓಡಿದರು. ಆಮೇಲೆ ಸಂಶಯ ಮನೆಯ ಇತರ ಯಂತ್ರಗಳ ಮೇಲೆ ತಿರುಗಿತು. ಹೊಲಿಗೆ ಮೆಷಿನ್ ನಿಂತಿತು, ಫ್ಯಾನ್ ನಿಂತಿತು, ಕೊನೆಗೆ ಫ್ರಿಜ್ಜೂ ನಿಂತಿತು. ಸಂಜೆ ಐಸ್‌ಕ್ರೀಮ್ ತೆಗೆಯಲು ಹೋದ ಹೆಂಡತಿ ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ಬಂದಳು.

"ಕುಡೀರಿ," ಎಂದಳು. "ಸಿಗ್ನಲ್ ಬಂತಾ?"

"ಬರ್ತಾ ಇದೆ."

"ನಡ್ಕೊಂಡು ಬರ್ತಿರ್ಬೇಕು."

ಮೇಷ್ಟ್ರು ಗಂಟುಮುಖ ಹಾಕಿಕೊಂಡು ಪಾತ್ರೆಯ ಮುಚ್ಚಳವೊಂದನ್ನು ಕಂಪ್ಯೂಟರಿನ ಹಿಂದೆ ಛತ್ರಿಯಂತೆ ನಿಲ್ಲಿಸಿದರು. ಅದು ಕೆಳಗೆ ಬಿದ್ದು ಸದ್ದು ಮಾಡಿತೇ ಹೊರತು ಬೇರೇನೂ ಆಗಲಿಲ್ಲ. ಅಂದು ಅವರು ಊಟ ಸರಿಯಾಗಿ ಮಾಡಲಿಲ್ಲ. ಮಾರನೆಯ ದಿನ ಪಾಠದ ಕಾರಿನಲ್ಲೂ ಅವರ ಮುಖ ಸೊಟ್ಟಗೇ ಇತ್ತು. ಭಾವನ ನಗು ಈಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು.

ಈ ಪಾಠದ ಕಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರಲ್ಲಿ ಕಲಿಯುವವರ ಕಾಲ ಬಳಿ ಇರುವಂತೆ ಮೇಷ್ಟ್ರ ಕಾಲ ಬಳಿಯೂ ಬ್ರೇಕು, ಕ್ಲಚ್ಚು ಇದ್ದವು. ಬೇರೆ ಮೇಷ್ಟ್ರುಗಳಿಗೆ ಅವು ಅಪಾಯಕ್ಕೆಂದು. ನಮ್ಮ ಮೇಷ್ಟ್ರಿಗೆ ಸಂತೋಷಕ್ಕೆಂದು. ಕಲಿಯುವವರು ಬೆವರುತ್ತ ಸ್ಟೀರಿಂಗ್ ಹಿಡಿದಿದ್ದರೆ, ಇವರು ಕಿಟಕಿಯಾಚೆ ನೋಡುತ್ತ, ಕೆಳಗೆ ಕಾಲಿನಲ್ಲಿ ಬ್ರೇಕು ಕ್ಲಚ್ಚುಗಳ ಕೆಲಸವನ್ನೆಲ್ಲ ಮುಗಿಸಿ, ಕಷ್ಟದ ಜಾಗದಲ್ಲಿ ಎರಡೇ ಬೆರಳಿನಿಂದ ಸ್ಟೀರಿಂಗನ್ನು ಒಂದಿಷ್ಟು ನೂಕಿ ಕಾರನ್ನು ಬೆಣ್ಣೆಯಂತೆ ನಿಲ್ಲಿಸುತ್ತಿದ್ದರು. ಆಮೇಲೆ ಕೈ ಕಟ್ಟಿಕೊಂಡು ಹೇಳುತ್ತಿದ್ದರು: "ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಎಲ್ಲಾ ನೀವೇ ಓಡಿಸಿದ್ದು!" ಕಲಿಯುವವರ ಮುಖ ಅರಳುತ್ತಿತ್ತು. ಶಾಲೆಗೆ ಒಳ್ಳೆಯ ಹೆಸರಿತ್ತು. (ಪರೀಕ್ಷೆಯಲ್ಲಿ ಎಷ್ಟು ಜನ ಪಾಸಾದರು ಎಂದು ಕೇಳಬೇಡಿ. ಮೇಷ್ಟ್ರೂ ಕೇಳುತ್ತಿರಲಿಲ್ಲ.)

ಅವರ ಹೆಂಡತಿಯೂ ಮೊದಲು ಅವರ ವಿದ್ಯಾರ್ಥಿನಿಯೇ. ಕೊನೆಯ ಪಾಠದ ದಿನ ಎರಡು ಡ್ರಮ್ಮುಗಳ ನಡುವೆ ಹಿಮ್ಮುಖವಾಗಿ ಕಾರು ನಿಲ್ಲಿಸಿ, ಈ ಮಾತು ಕೇಳಿ, ಹಿಗ್ಗಿ ಹೀರೇಕಾಯಾಗಿ ಮನೆಗೆ ಹೋದಳು. ಪರೀಕ್ಷೆಯ ದಿನ ಅದೇ ಡ್ರಮ್ಮನ್ನು ರಸ್ತೆಯಾಚೆಗೆ ಉರುಳಿಸಿದಳು. ಲೈಸೆನ್ಸು ಸಿಗಲಿಲ್ಲ, ಮೇಷ್ಟ್ರು ಸಿಕ್ಕರು. ಅಂದಿನಿಂದ ಆಕೆ ಯಾವಾಗ ಕಾರಿನ ಮಾತೆತ್ತಿದರೂ ಮೇಷ್ಟ್ರದು ಒಂದೇ ಉತ್ತರ: "ಡ್ರೈವಿಂಗ್ ಅನ್ನೋದು ರಕ್ತದಲ್ಲಿರ್ಬೇಕು ಕಣೇ. ನಿನಗದು ಕೈಹತ್ತೋದಲ್ಲ, ಬಿಡು."

ಸರಿ, ಕಥೆಗೆ ಬರೋಣ. ಆ ಸಂಜೆ ಮೇಷ್ಟ್ರು ಕೊನೆಯ ಪ್ರಯತ್ನವೆಂದು ಕಂಪ್ಯೂಟರಿನ ಮುಂದೆ ಕೂತರು. ಹೆಂಡತಿ ಬಂದು ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ದೊಡ್ಡದೊಂದು ಕರ್ಟನ್ ಬಟ್ಟೆಯನ್ನು ಮಡಿಲ ತುಂಬ ಹರಡಿಕೊಂಡು ಅಂಚು ಹೊಲಿಯತೊಡಗಿದಳು. ಮೇಷ್ಟ್ರು ನಿಟ್ಟುಸಿರು ಬಿಟ್ಟು ಗುಂಡಿ ಒತ್ತಿದರು.

ಕಾರು ಹೊರಟಿತು!

"ಬಂತು! ಬಂತು ಕಣೇ! ನೋಡಿದ್ಯಾ?"

"ಅಯ್ಯೋ, ಹೌದಲ್ಲ!" ಎಂದಳು ಹೆಂಡತಿ, ಬಟ್ಟೆಯೊಳಗಿನ ಕೈ ತೆಗೆಯದೆ.

ಕೆಂಪು ಕಾರು ಮರಗಳನ್ನು ದಾಟಿತು, ಸುರಂಗ ಹೊಕ್ಕಿತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುವ ವಾಸನೆ ಬಂದು ಹೆಂಡತಿ ಬಟ್ಟೆ ಸಮೇತ ಎದ್ದು ಅಡುಗೆಮನೆಗೆ ಓಡಿದಳು. ಕಾರು ನಿಂತಿತು. ಮೇಷ್ಟ್ರು ಒತ್ತಿದರು, ಕುಟ್ಟಿದರು, ಬೇಡಿಕೊಂಡರು. ಇಲ್ಲ. ಹೆಂಡತಿ ಬಂದು ಕೂತಳು. ಕಾರು ಹೊರಟಿತು.

ಮೇಷ್ಟ್ರ ಕಣ್ಣು ಅಗಲವಾದವು. "ಏಳು ಸ್ವಲ್ಪ," ಎಂದರು. ಎದ್ದಳು. ನಿಂತಿತು. "ಕೂರು." ಕೂತಳು. ಓಡಿತು.

"ನನಗೀಗ ಗೊತ್ತಾಯ್ತು," ಎಂದರು ಮೇಷ್ಟ್ರು, ಹೊಸ ಖಂಡವೊಂದನ್ನು ಕಂಡುಹಿಡಿದವರ ಗಾಂಭೀರ್ಯದಲ್ಲಿ. "ನೀನು ಆಂಟೆನಾ."

"ನಾನಾ?"

"ನೀನೇ. ಮನುಷ್ಯರ ಮೈಯಲ್ಲಿ ಇರೋದೆಲ್ಲ ನೀರು. ನೀರು ಸಿಗ್ನಲ್ ಹಿಡಿಯುತ್ತೆ. ಸಾಲದ್ದಕ್ಕೆ ನಿನ್ನ ಕೈಯಲ್ಲಿ ಸೂಜಿ ಬೇರೆ. ಲೋಹ! ಅದು ತರಂಗಾನ ಎಳ್ಕೊಂಡು ನನಗೆ ತಳ್ಳುತ್ತೆ. ನೀನು ಏನೂ ಮಾಡ್ಬೇಕಾಗಿಲ್ಲ, ಸುಮ್ನೆ ಕೂತಿರು ಸಾಕು."

"ಅಷ್ಟೇ ತಾನೇ? ಸುಮ್ನೆ ಕೂತಿರ್ತೀನಿ," ಎಂದಳು ಹೆಂಡತಿ ಬಹಳ ವಿನಯದಿಂದ. ಇಷ್ಟು ವಿನಯ ಕಂಡ ಯಾವ ಗಂಡನಾದರೂ ಎಚ್ಚೆತ್ತುಕೊಳ್ಳಬೇಕಿತ್ತು. ಮೇಷ್ಟ್ರು ಎಚ್ಚೆತ್ತುಕೊಳ್ಳಲಿಲ್ಲ.

ಅಂದಿನಿಂದ ದಿನವೂ ಸಂಜೆ ಅಭ್ಯಾಸ. ಹೆಂಡತಿಯ ಕುರ್ಚಿ ಒಂದಿಂಚೂ ಸರಿಯದಿರಲೆಂದು ಮೇಷ್ಟ್ರು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಕಾಲಿನ ಗುರುತು ಹಾಕಿದರು. ಮಿನುಗುವ ನೀಲಿ ದೀಪ ಏಕಾಗ್ರತೆ ಕೆಡಿಸುತ್ತದೆಂದು ಅದರ ಮೇಲೆ ಟೇಪು ಅಂಟಿಸಿದರು. ಕಾರು ಅದ್ಭುತವಾಗಿ ಓಡುತ್ತಿತ್ತು. ಕೆಲವು ಸಲ ಅವರು ಸ್ಟಿಕ್ ತಿರುಗಿಸುವ ಮೊದಲೇ ತಿರುಗುತ್ತಿತ್ತು. "ನನ್ನ ಯೋಚನೆ ನನ್ನ ಕೈಗಿಂತ ಮುಂದೆ ಓಡುತ್ತೆ," ಎಂದು ಮೇಷ್ಟ್ರು ವಿವರಿಸಿದರು. ಕೆಲವು ಸಲ ಅವರು ಎಡಕ್ಕೆ ಎಳೆದರೆ ಕಾರು ಬಲಕ್ಕೆ ಹೋಗುತ್ತಿತ್ತು, ಮತ್ತು ಹೋಗಬೇಕಾದದ್ದು ಬಲಕ್ಕೇ ಆಗಿರುತ್ತಿತ್ತು. "ವೈರ್‌ಲೆಸ್ಸು ಅಂದ್ರೆ ಹೀಗೇ. ಮನಸ್ಸಲ್ಲಿರೋದನ್ನ ಹಿಡಿಯುತ್ತೆ," ಎಂದರು. ಅಪರೂಪಕ್ಕೊಮ್ಮೆ ಗೋಡೆಗೆ ಗುದ್ದಿದರೆ ಮಾತ್ರ ಕುರ್ಚಿಯ ಕಡೆ ತಿರುಗಿ, "ಅಲ್ಲಾಡಿದ್ಯಲ್ಲ! ಒಂದು ಕಡೆ ನೆಟ್ಟಗೆ ಕೂರೋಕೂ ಬರಲ್ವಾ ನಿನಗೆ?" ಎಂದು ರೇಗುತ್ತಿದ್ದರು.

"ತಪ್ಪಾಯ್ತು. ಇನ್ನೊಂದು ಸಲ ಆಡಿ," ಎನ್ನುತ್ತಿದ್ದಳು ಹೆಂಡತಿ. ವಿಚಿತ್ರವೆಂದರೆ, ಇನ್ನೊಂದು ಸಲ ಆಡಿ ಎಂದು ಬಾರಿಬಾರಿಗೂ ಹೇಳುತ್ತಿದ್ದವಳು ಆಕೆಯೇ. ಮೇಷ್ಟ್ರಿಗೆ ನಿದ್ದೆ ಬಂದರೂ ಆಕೆಗೆ ಬರುತ್ತಿರಲಿಲ್ಲ. ಇನ್ನೊಂದು ವಿಚಿತ್ರ, ಅಷ್ಟು ದಿನ ಹೊಲಿದರೂ ಆ ಕರ್ಟನ್ನಿನ ಅಂಚು ಒಂದು ಗೇಣೂ ಮುಂದುವರಿದಿರಲಿಲ್ಲ. ಮೇಷ್ಟ್ರು ಇದನ್ನು ಗಮನಿಸಿದರು, ಗಮನಿಸಿ ಹೇಳಿಯೂ ಹೇಳಿದರು: "ಕೈ ಚುರುಕಿರ್ಬೇಕು ಕಣೇ. ನೋಡು ನನ್ನ ಕೈ."

ಶನಿವಾರ ಸಂಜೆ ಅಭ್ಯಾಸ ಮುಗಿದ ಮೇಲೆ ಮೇಷ್ಟ್ರು ಕಂಟ್ರೋಲರಿನ ಸೆಲ್‌ಗಳನ್ನು ಬಿಚ್ಚಿ, ಒರೆಸಿ, ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆ ಇಡುವ ಗುಳಿಗಳಲ್ಲಿ ಒಂದೊಂದಾಗಿ ಮಲಗಿಸಿದರು. ತಂಪಿನಲ್ಲಿಟ್ಟರೆ ಸೆಲ್ಲಿನ ಶಕ್ತಿ ಸೋರುವುದಿಲ್ಲವೆಂದು ಯಾರೋ ಹೇಳಿದ್ದರು. ನಾಳಿನ ಯುದ್ಧಕ್ಕೆ ಅವು ತಾಜಾ ಆಗಿರಬೇಕು.

ಭಾನುವಾರ ಬಂತು. ಅಕ್ಕ ಭಾವ ಬಂದರು. ಭಾವ ಚಪ್ಪಲಿ ಬಿಡುವ ಮೊದಲೇ, "ಏನಯ್ಯಾ, ಗೋಡೆ ಹೇಗಿದೆ?" ಎಂದರು.

"ಈ ಸಲ ಗೋಡೆ ನಿಮಗಾಗಿ ಕಾಯ್ತಿದೆ ಭಾವ," ಎಂದರು ಮೇಷ್ಟ್ರು. ಆ ಉತ್ತರವನ್ನು ಬೆಳಿಗ್ಗೆಯಿಂದ ತಯಾರಿಸಿಟ್ಟುಕೊಂಡಿದ್ದರು. ಸೆಲ್ಲನ್ನು ಮಾತ್ರ ಮರೆತಿದ್ದರು.

ಕುರ್ಚಿ ಗುರುತಿನ ಮೇಲೆ ಬಂತು. ಹೆಂಡತಿ ಕರ್ಟನ್ ಹರಡಿಕೊಂಡು ಕೂತಳು. ಅಕ್ಕನಿಗೆ ಇದೊಂದೂ ಅರ್ಥವಾಗಲಿಲ್ಲ. "ಬಾರಮ್ಮಾ, ಕಾಫಿ ಮಾಡೋಣ. ಈ ಗಂಡಸರ ಆಟ ನೋಡ್ಕೊಂಡು ಕೂರ್ತೀಯಾ?" ಎಂದಳು.

"ಅವಳು ಏಳೋ ಹಾಗಿಲ್ಲ ಅಕ್ಕಾ!" ಎಂದು ಮೇಷ್ಟ್ರು ಅಡ್ಡ ಬಂದರು. "ಅವಳೆದ್ರೆ ನನ್ನ ಕಾರ್ ನಿಲ್ಲುತ್ತೆ."

ಭಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಭಾಮೈದನನ್ನು ನೋಡಿದರು. "ಇದು ಯಾವ ಸೀಮೆ ಕಂಟ್ರೋಲರಯ್ಯಾ, ಹೆಂಡತಿ ಕೂತ್ರೇನೇ ನಡೆಯೋದು?"

"ಅದೆಲ್ಲ ತಾಂತ್ರಿಕ ವಿಷಯ ಭಾವ. ಆಮೇಲೆ ಹೇಳ್ತೀನಿ. ಶುರು ಮಾಡೋಣ."

ಸ್ಕ್ರೀನು ಎರಡು ಭಾಗವಾಯಿತು. ಮೇಲೆ ಕೆಂಪು ಕಾರು, ಕೆಳಗೆ ಭಾವನ ಹಸಿರು ಕಾರು. ಹೊರಟವು. ಭಾವ ಒಮ್ಮೆ ಗೆದ್ದ ಹುಲಿ. ಆರಂಭದಲ್ಲೇ ಮುಂದೆ ನುಗ್ಗಿದರು. ಮೇಷ್ಟ್ರು ಸೀಟಿನ ತುದಿಗೆ ಬಂದು ಮೈಯನ್ನೆಲ್ಲ ಎಡಕ್ಕೂ ಬಲಕ್ಕೂ ವಾಲಿಸುತ್ತ, ಕಾಲಿನಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತ, ಬೆವರು ಸುರಿಸಿದರು. ಪಕ್ಕದಲ್ಲಿ ಹೆಂಡತಿ ತುಟಿ ಕಚ್ಚಿಕೊಂಡು, ಕಣ್ಣು ಮಿಟುಕಿಸದೆ ಕೂತಿದ್ದಳು. ಎರಡು ಕಾರುಗಳೂ ಸುರಂಗ ಹೊಕ್ಕವು. ಒಟ್ಟಿಗೇ ಹೊರಬಂದವು. ತಿರುವು! ಮೇಷ್ಟ್ರು ಗಾಬರಿಯಲ್ಲಿ ಪೂರ್ತಿ ಎಡಕ್ಕೆ ಎಳೆದರು. ಕೆಂಪು ಕಾರು ಅವರ ಮಾತಿಗೆ ಸೊಪ್ಪು ಹಾಕದೆ, ಒಂದಿಷ್ಟು ನಿಧಾನಿಸಿ, ಬಲಕ್ಕೆ ಹೊರಳಿ, ಗೋಡೆಯ ಅಂಚಿಗೆ ಅಂಚು ತಾಗಿಸಿದಂತೆ ನುಣುಪಾಗಿ ಸಾಗಿತು. ಹಸಿರು ಕಾರು ಹೋಗಿ ಗೋಡೆಗೆ ಗುದ್ದಿತು.

ಮೇಷ್ಟ್ರು ಗೆದ್ದರು!

ಆ ಮನೆ ಅಂಥ ಕುಣಿತವನ್ನು ಹಿಂದೆಂದೂ ಕಂಡಿರಲಿಲ್ಲ. ಮೇಷ್ಟ್ರು ಕಂಟ್ರೋಲರನ್ನು ತಲೆಯ ಮೇಲೆತ್ತಿ ಹಾಲಿನ ಸುತ್ತ ಓಡಿದರು. "ಎಲ್ಲಿ ಭಾವ ಗೋಡೆ? ಯಾರಿಗೆ ಕಾಣಲ್ಲ ಗೋಡೆ?" ಎಂದರು. ಇಷ್ಟು ವರ್ಷ ಗಂಟಲಲ್ಲಿ ನಿಂತಿದ್ದ ಅನ್ನವೆಲ್ಲ ಒಂದೇ ಸಲಕ್ಕೆ ಇಳಿದಂತಾಗಿ ಅವರ ಕಣ್ಣು ತುಂಬಿ ಬಂದವು. ಮೂಲೆ ಉಳಿಯಿತು, ಮಾನ ಉಳಿಯಿತು. ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ? ಇದಕ್ಕೇ ಹೇಳೋದು, ಡ್ರೈವಿಂಗ್ ರಕ್ತದಲ್ಲಿರ್ಬೇಕು ಅಂತ!" ಎಂದರು.

ಭಾವ ಪೆಚ್ಚಾಗಿ ಕೂತಿದ್ದರು. ಆದರೂ ದೊಡ್ಡ ಮನಸ್ಸಿನವರು. "ಒಪ್ಪಿದೆ ಮಾರಾಯಾ. ಎಂಥಾ ತಿರುವು ತಗೊಂಡೆ! ಲೇ, ಗೆದ್ದವನಿಗೆ ತಣ್ಣಗೆ ನೀರು ತಂದುಕೊಡೇ," ಎಂದು ಕಾಫಿ ಮಾಡಲು ಒಳಗೆ ಹೋಗಿದ್ದ ಅಕ್ಕನಿಗೆ ಕೂಗಿ ಹೇಳಿದರು.

ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಅಕ್ಕನ ದನಿ.

"ಅಲ್ವೋ, ಮೊಟ್ಟೆ ಇಡೋ ಜಾಗದಲ್ಲಿ ಇದೇನೋ ಸೆಲ್ ಇಟ್ಟಿದೀರಿ?"

ಮೇಷ್ಟ್ರು ಓಡುತ್ತಿದ್ದವರು ಒಂದು ಕಾಲು ಮೇಲೆತ್ತಿದಂತೆಯೇ ನಿಂತರು.

ಅಕ್ಕ ಸೆಲ್‌ಗಳನ್ನು ಸೆರಗಿನಲ್ಲಿ ಹಿಡಿದು ಹಾಲಿಗೆ ಬಂದಳು. "ಮುಟ್ಟಿದ್ರೆ ಮಂಜುಗಡ್ಡೆ ಹಾಗಿದೆ. ಯಾವುದರದ್ದೋ ಇದು?"

ಭಾವ ಎದ್ದು, ಮೇಷ್ಟ್ರ ಕೈಯಿಂದ ಕಂಟ್ರೋಲರನ್ನು ಮೆಲ್ಲಗೆ ತೆಗೆದುಕೊಂಡರು. ತಿರುಗಿಸಿದರು. ಹಿಂದಿನ ಮುಚ್ಚಳ ಸರಿಸಿದರು. ಒಳಗೆ ಎರಡು ಸ್ಪ್ರಿಂಗುಗಳಿದ್ದವು, ಮತ್ತೇನೂ ಇರಲಿಲ್ಲ. ಅವರು ಅದನ್ನು ಕಣ್ಣಿನ ಹತ್ತಿರ ತಂದು ಒಮ್ಮೆ, ದೂರ ಹಿಡಿದು ಒಮ್ಮೆ ನೋಡಿದರು. ನಂತರ ಮೂವರೂ ಒಟ್ಟಿಗೆ ಬೆತ್ತದ ಕುರ್ಚಿಯ ಕಡೆ ತಿರುಗಿದರು.

ಹೆಂಡತಿ ನಿಧಾನವಾಗಿ ಕರ್ಟನ್ ಮಡಚಿದಳು. ಮಡಿಲಲ್ಲಿ ಸ್ಟೆಪ್ನಿ ಕಂಟ್ರೋಲರು ಇತ್ತು. ಅದರ ನೀಲಿ ದೀಪ ಮಿನುಗುತ್ತಿರಲಿಲ್ಲ, ಸ್ಥಿರವಾಗಿ ಉರಿಯುತ್ತಿತ್ತು.

"ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ ಅಷ್ಟೇ," ಎಂದಳು. "ಎಲ್ಲಾ ನೀವೇ ಓಡಿಸಿದ್ದು."

ಭಾವ ನಕ್ಕ ನಗುವಿಗೆ ಕನ್ನಡಕ ಕಳಚಿ ಕೆಳಗೆ ಬಿತ್ತು. ಅಕ್ಕ ಸೆಲ್‌ಗಳನ್ನು ನೆಲಕ್ಕೆ ಚೆಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಳು. ಮೇಷ್ಟ್ರು ಕಾಲ ಬಳಿ ಉರುಳಿ ಬಂದ ಸೆಲ್ಲೊಂದನ್ನು ಎತ್ತಿಕೊಂಡರು.

"ಅದು... ಅದಕ್ಕೆ ಸಿಗ್ನಲ್ ಹೇಗೆ ಬಂತು?"

"ಹೊಲಿಯೋವಾಗ ಮೇಲಿನ ದಾರ, ಕೆಳಗಿನ ದಾರ ಎರಡನ್ನೂ ಮೊದಲು ಜೊತೆ ಮಾಡ್ಬೇಕು. ಇಲ್ದಿದ್ರೆ ಮೆಷಿನ್ ಎಷ್ಟು ತುಳಿದ್ರೂ ಹೊಲಿಗೆ ಬೀಳಲ್ಲ. ಇದೂ ಹಾಗೇ ಇರ್ಬೇಕು ಅನ್ನಿಸ್ತು. ಧೂಳು ಒರೆಸೋವಾಗ ನೋಡಿದ್ರೆ ಹಿಂದೆ ಚುಚ್ಚಿದೀರಲ್ಲ, ಆ ರಿಸೀವರಲ್ಲಿ ಒಂದು ಸಣ್ಣ ಗುಂಡಿ. ಬೀರು ಮೇಲಿನ ಡಬ್ಬಿಯಿಂದ ಇದನ್ನ ತೆಗೆದು ಸೆಲ್ ಹಾಕಿದೆ, ಇದರಲ್ಲೂ ಒಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದೆ, ದೀಪ ಮಿನುಗೋದು ನಿಂತ್ಕೊಳ್ತು. ನೀವು ಅದನ್ನ ಬಿಟ್ಟು ಮನೆಯಲ್ಲಿರೋದೆಲ್ಲ ಒತ್ತಿದ್ರಿ."

"ಹಾಗಂತ ಹೇಳೋದಲ್ವಾ ನನಗೆ!"

"ಹೇಳೋಕೇ ಬಂದು ಕೂತೆ. ಊಟ ಬಿಟ್ಟು ಕೂತಿದ್ರಿ, ನೋಡಿ ಪಾಪ ಅನ್ನಿಸ್ತು. ಒಂದು ಚೂರು ಓಡಿಸಿ ತೋರಿಸೋಣ ಅಂತ ಒತ್ತಿದೆ. ಅಷ್ಟರಲ್ಲಿ ನೀವು ಬಂತು ಬಂತು ಅಂತ ಕುಣಿದ್ರಿ. ಆಮೇಲೆ ನಾನು ಆಂಟೆನಾ ಅಂದ್ರಿ." ಹೆಂಡತಿ ದನಿ ತಗ್ಗಿಸಿ ಹೇಳಿದಳು. "ಆಮೇಲೆ ನನಗೇ ಬಿಡೋಕಾಗ್ಲಿಲ್ಲ ರೀ. ಆ ತಿರುವಲ್ಲಿ ಪಕ್ಕದಲ್ಲಿ ಕೂತವರ ಕಾಲಿಲ್ದೆ, ಬೆರಳಿಲ್ದೆ, ನಾನೇ ತಿರುಗಿಸ್ತಾ ಇದ್ದೆ. ಆ ಡ್ರಮ್ಮಿನ ಮಧ್ಯೆ ಕಾರ್ ನಿಲ್ಸಿದ ದಿನ ಆದಷ್ಟೇ ಖುಷಿ ಆಯ್ತು. ಆದ್ರೆ ಇದು ನಿಜವಾಗ್ಲೂ ನಂದೇ."

ಮೇಷ್ಟ್ರು ರಕ್ತದ ಬಗ್ಗೆ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಕೊನೆಗೆ ಕಿಟಕಿಯ ಕಡೆ ನೋಡುತ್ತ, "ಹಾಗಾದ್ರೆ ಸೋತ ಹಾಗೇ ಆಯ್ತು. ನಾಳೆ ಮೆಷಿನ್ ಆ ಮೂಲೆಗೆ ತಂದಿಡ್ತೀನಿ," ಎಂದರು ಹುಳ್ಳಗೆ.

"ಮೆಷಿನ್ ಇದ್ದಲ್ಲೇ ಇರ್ಲಿ," ಎಂದಳು ಹೆಂಡತಿ. "ಮೂಲೆ ನಂದು. ಡಬ್ಬ ಅಲ್ಲೇ ಇರುತ್ತೆ."

ಭಾವ ಕನ್ನಡಕ ಒರೆಸಿ ಹಾಕಿಕೊಂಡು, ಹಳೆಯ ಕಂಟ್ರೋಲರನ್ನು ಕೈಗೆತ್ತಿಕೊಂಡರು. "ನನಗೆ ಇನ್ನೊಂದು ಅವಕಾಶ ಕೊಡಮ್ಮಾ. ಈ ಸಲ ಎದುರಿಗೆ ಯಾರಿದಾರೆ ಅಂತ ಗೊತ್ತಿದೆ. ಅವನ ಜೊತೆ ಆಡ್ತಿದೀನಿ ಅಂದ್ಕೊಂಡು ಹಗುರವಾಗಿ ತಗೊಂಡ್ಬಿಟ್ಟೆ."

ಹೆಂಡತಿ ಎದ್ದು ಬಂದು ಕಂಪ್ಯೂಟರಿನ ಮುಂದಿನ ಸೀಟಿನಲ್ಲಿ ಕೂತಳು. ಮಡಚಿದ್ದ ಕರ್ಟನ್ನನ್ನೂ ಸೂಜಿಯನ್ನೂ ಗಂಡನ ಕೈಗಿಟ್ಟು ಬೆತ್ತದ ಕುರ್ಚಿಯನ್ನು ತೋರಿಸಿದಳು.

"ಅಲ್ಲಿ ಕೂತ್ಕೊಳ್ಳಿ. ಗುರುತಿನ ಮೇಲೇ ಇರ್ಲಿ, ಅಲ್ಲಾಡ್ಬೇಡಿ. ಮನುಷ್ಯರ ಮೈಯಲ್ಲಿರೋದೆಲ್ಲ ನೀರಂತೆ, ಸಿಗ್ನಲ್ ಚೆನ್ನಾಗಿ ಬರುತ್ತೆ."

ಮೇಷ್ಟ್ರು ಕೂತರು. ಆಟ ಶುರುವಾಯಿತು. ಅಷ್ಟು ದಿನದಿಂದ ಒಂದು ಗೇಣೂ ಮುಂದುವರಿಯದಿದ್ದ ಅಂಚಿಗೆ ಮೇಷ್ಟ್ರು ಮೊದಲ ಹೊಲಿಗೆ ಹಾಕಿದರು, ಬೆರಳಿಗೆ ಚುಚ್ಚಿಕೊಂಡರು. ಆದರೆ ಕಣ್ಣು ಸ್ಕ್ರೀನಿನ ಮೇಲೇ ಇತ್ತು. ಕೆಂಪು ಕಾರು ಸುರಂಗದಿಂದ ಹೊರಬಂದದ್ದೇ ತಡ, ಅವರ ಬಲಗಾಲು ತಾನಾಗಿ ಚಾಚಿ ನೆಲವನ್ನು ಗಟ್ಟಿಯಾಗಿ ಒತ್ತಿತು.

"ರೀ, ಕಾಲು ತೆಗೀರಿ," ಎಂದಳು ಹೆಂಡತಿ, ತಿರುಗಿಯೂ ನೋಡದೆ.

ಮೇಷ್ಟ್ರು ಎರಡೂ ಕಾಲುಗಳನ್ನು ಎತ್ತಿ ಕುರ್ಚಿಯ ಮೇಲೆ ಮಡಚಿಟ್ಟುಕೊಂಡು ಕೂತರು.